ರಾಜತಾಳೆಯೂ ನಮ್ಮ ಹಳ್ಳದ ಈಚಲವೂ



ನಿಡಗುಂದಿಯಿಂದ ಆಲಮಟ್ಟಿಗೆ ಹೋದವರು ಅಣೆಕಟ್ಟನ್ನು ನೋಡಿ, ಅದರ ಮಗ್ಗುಲಿನ ಉದ್ಯಾನಗಳಲ್ಲಿ ಒಂದು ಸುತ್ತು ಹಾಕಿ, ಮಕ್ಕಳಿಗೆ ಕಾರಂಜಿ ತೋರಿಸಿಕೊಂಡು ಮರಳುವದು ವಾಡಿಕೆಯಾಗಿದೆ. ಹಾಗೆ ನೋಡಿ ಬಂದವರ ಮನಸ್ಸಿನಲ್ಲಿ ಅಲ್ಲಿಯ ಹಸುರು ನಿಂತುಬಿಡುತ್ತದೆ. ಹೀಗಾಗಿ ನಾವು ಹಳ್ಳಿಗಳಿಗೆ ಹೋದಾಗ ಪಂಚಾಯತಿಯ ಸದಸ್ಯರು, ಶಾಲೆಯ ಹಿರಿಯರು, ಗುಡಿಯ ಕಮಿಟಿಯವರು ಕೇಳುವ ಮಾತು ಒಂದೇ ಆಗಿರುತ್ತದೆ: "ಸಾಹೇಬರ, ನಮ್ಮ ಸಾಲಿ ಮುಂದ ಆ ಸಿಮೆಂಟ ಕಂಬದಂಥಾ ಗಿಡಾ ಎರಡು ಸಾಲು ಹಚ್ಚಬೇಕಂತ ಮಾಡೀವ್ರಿ. ಎಲ್ಲಿ ಸಿಗತಾವು?"

ಆ ಕಂಬದಂಥ ಗಿಡದ ಹೆಸರು ರಾಜತಾಳೆ. ದೊಡ್ಡ ಕಚೇರಿ, ಕಾಲೇಜು, ಸಕ್ಕರೆ ಕಾರಖಾನೆ, ಪ್ರವಾಸಿ ಬಂಗಲೆ, ಉದ್ಯಾನ, ಎಲ್ಲಿ ನೋಡಿದರೂ ಬಾಗಿಲ ಎಡಬಲಕ್ಕೆ ಪಹರೆಯವರಂತೆ ನಿಂತಿರುವದು ಇದೇ. ಗಿಡ ಚೆಲುವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಯಾವ ಊರ ಸಂತೆಯದು ಎಂದು ವಿಚಾರಿಸುತ್ತೇವೆ. ಐವತ್ತು ಅರವತ್ತು ವರುಷ ನಮ್ಮ ಅಂಗಳದಲ್ಲಿ ನಿಲ್ಲುವ ಗಿಡದ ಬಗೆಗೆ ಅಷ್ಟಾದರೂ ವಿಚಾರ ಬೇಡವೇ? ಆದ್ದರಿಂದ ಇಂದು ಈ ರಾಜತಾಳೆಯ ಚರಿತ್ರೆಯನ್ನೂ, ಅದರ ಜೊತೆಗೆ ನಮ್ಮ ಹಳ್ಳದ ದಂಡೆಯ ಈಚಲದ ಚರಿತ್ರೆಯನ್ನೂ ನಿಮ್ಮ ಮುಂದೆ ಇಡುತ್ತೇನೆ. ಎರಡನ್ನೂ ಓದಿದ ಮೇಲೆ ನಿಮ್ಮ ಊರಿಗೆ ಯಾವದು ತಕ್ಕದ್ದು ಎಂಬುದನ್ನು ನೀವೇ ತೀರ್ಮಾನಿಸಬಹುದು.

ಗಿಡದ ಗುರುತು

ರಾಜತಾಳೆಯು ತೆಂಗು, ಅಡಿಕೆ, ಈಚಲುಗಳ ಬಳಗಕ್ಕೆ ಸೇರಿದ ಗಿಡ. ಟೊಂಗೆ ಇಲ್ಲ, ನಡುವೆ ಒಂದೇ ಕಾಂಡ, ತುದಿಗೆ ಒಂದೇ ಸುಳಿ. ಕಾಂಡದ ಬಣ್ಣ ಬೂದಿ ಬೆರೆತ ಬಿಳುಪು. ನುಣ್ಣಗೆ ಗಿಲಾಯಿ ಮಾಡಿದ ಕಂಬದಂತೆ ಕಾಣುವದು. ನಡುಮಧ್ಯದಲ್ಲಿ ತುಸು ಉಬ್ಬಿರುವದುಂಟು. ಕಾಂಡದ ಮೇಲ್ತುದಿಯಲ್ಲಿ ಗರಿಗಳ ಬುಡಗಳು ಒಂದಕ್ಕೊಂದು ಸುತ್ತಿಕೊಂಡು ನಾಲ್ಕೈದು ಅಡಿ ಉದ್ದದ ಹಸುರು ಕೊಳವೆಯಾಗಿರುತ್ತವೆ. ಅಡಿಕೆ ಮರ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಅನುಕೂಲವಾದ ನೆಲದಲ್ಲಿ ಗಿಡವು 60ರಿಂದ 80 ಅಡಿಯವರೆಗೆ ಏರುವದು.

ನಮ್ಮಲ್ಲಿ ಇದಕ್ಕೆ 'ಬಾಟಲ್ ಪಾಮ್' ಎಂದೂ ಕರೆಯುತ್ತಾರೆ. ಈ ಹೆಸರಿನಿಂದ ಮೋಸ ಹೋಗುವದುಂಟು. ನಿಜವಾದ ಬಾಟಲ್ ಪಾಮ್ ಮಾರಿಷಸ್ ಕಡೆಯ ದ್ವೀಪದ ಗಿಡ್ಡ ಜಾತಿ. ಬುಡ ಹೂಜಿಯಂತೆ ಉಬ್ಬಿ, ಹತ್ತು ಹನ್ನೆರಡು ಅಡಿಗೆ ನಿಲ್ಲುವದು. ಸಸಿ ಇದ್ದಾಗ ಎರಡರ ಭೇದ ಸಾಮಾನ್ಯರ ಕಣ್ಣಿಗೆ ಬೀಳುವದಿಲ್ಲ. ನರ್ಸರಿಯಲ್ಲಿ ಕೊಳ್ಳುವಾಗ ಹೆಸರು ಕೇಳಿದರೆ ಸಾಲದು. ಅದೇ ನರ್ಸರಿಯ ಬೆಳೆದ ತಾಯಿಗಿಡವನ್ನು ತೋರಿಸಿರೆಂದು ಕೇಳಬೇಕು.

ಈ ಬಳಗದ ಗಿಡಗಳ ಒಂದು ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ಬೇವು, ಮಾವು, ಹುಣಸೆಗಳು ವರುಷ ವರುಷಕ್ಕೆ ಸುತ್ತಲೂ ದಪ್ಪವಾಗುತ್ತ ಹೋಗುತ್ತವೆ. ಅವುಗಳ ತೊಗಟೆಗೆ ಗಾಯವಾದರೆ ಕ್ರಮೇಣ ಮುಚ್ಚಿಕೊಳ್ಳುತ್ತದೆ. ತಾಳೆಯ ಬಳಗದಲ್ಲಿ ಹಾಗಲ್ಲ. ಕಾಂಡದ ಯಾವ ಭಾಗ ಯಾವ ದಪ್ಪದಲ್ಲಿ ಬೆಳೆಯಿತೋ ಹೆಚ್ಚು ಕಡಿಮೆ ಅದೇ ದಪ್ಪದಲ್ಲಿ ಕಡೆತನಕ ಉಳಿಯುವದು. ಬರದ ವರುಷ ನೀರು ಸಿಗದೆ ಸುಳಿ ಸೊರಗಿದರೆ ಆ ಎತ್ತರದಲ್ಲಿ ಕಾಂಡ ಸಣಕಲಾಗುತ್ತದೆ. ಮುಂದೆ ಎಷ್ಟು ನೀರು ಹೊಯ್ದರೂ ಆ ಸಣಕಲು ತುಂಬಿಕೊಳ್ಳುವದಿಲ್ಲ. ಕಾಂಡಕ್ಕೆ ಮೊಳೆ ಹೊಡೆದು ಬೋರ್ಡು ತೂಗುಹಾಕಿದರೆ ಆ ತೂತೂ ಹಾಗೆಯೇ ಉಳಿಯುವದು. ಹಿಂದಿನ ವರುಷ ಯಾರು ನೀರು ಹಾಕಲಿಲ್ಲ ಎಂಬುದನ್ನು ಈ ಗಿಡ ಸಾಯುವವರೆಗೂ ತನ್ನ ಮೈಮೇಲೆ ಬರೆದಿಟ್ಟುಕೊಂಡಿರುತ್ತದೆ ಎಂದರೆ ಸುಳ್ಳಲ್ಲ.

ತವರುಮನೆಯಲ್ಲಿ ರಾಜತಾಳೆ

ಈ ಗಿಡದ ತವರು ಅಮೇರಿಕ ಖಂಡದ ನಡುವಿನ ಕೆರಿಬಿಯನ್ ಸಮುದ್ರದ ಸುತ್ತಿನ ನಾಡು. ಮುಖ್ಯವಾಗಿ ಕ್ಯೂಬಾ ದ್ವೀಪ, ಫ್ಲೋರಿಡಾದ ದಕ್ಷಿಣ ತುದಿ, ಮೆಕ್ಸಿಕೋದ ಕೆಲ ಭಾಗ. 19ನೆಯ ಶತಮಾನದ ಆರಂಭದಲ್ಲಿ ಕುಂತ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ಇದಕ್ಕೆ ಓರಿಯೋಡಾಕ್ಸ ರೀಜಿಯ ಎಂದು ಹೆಸರಿಟ್ಟನು. 1900ರಲ್ಲಿ ಕುಕ್ ಎಂಬ ಅಮೇರಿಕನ್ ಶಾಸ್ತ್ರಜ್ಞನು ರಾಯ್ ಸ್ಟೋನ್ ಎಂಬ ಸೈನ್ಯದ ಇಂಜಿನಿಯರನ ನೆನಪಿಗಾಗಿ ಅದನ್ನು ರಾಯ್‌ಸ್ಟೋನಿಯ ಎಂದು ಬದಲಿಸಿದನು. ಹೆಸರು ಬದಲಾಗಿ ನೂರು ವರುಷ ಮೀರಿದರೂ ಹಳೆಯ ಮಾಲಿಗಳ ಬಾಯಲ್ಲಿ ಇನ್ನೂ 'ಓರಿಯೋಡಾಕ್ಸ'ವೇ ಇದೆ.

ಕ್ಯೂಬಾದಲ್ಲಿ ಇದು ರಾಷ್ಟ್ರದ ಗಿಡ. ಆ ದೇಶದ ಲಾಂಛನದಲ್ಲಿಯೂ ಇದರ ಚಿತ್ರವಿದೆ. ಆದರೆ ನಮಗೆ ಮುಖ್ಯವಾದದ್ದು ಬೇರೆಯದು. ಅಲ್ಲಿಯ ಒಕ್ಕಲಿಗನು ಇದನ್ನು ಬಾಗಿಲ ಅಲಂಕಾರಕ್ಕೆಂದು ಬೆಳೆಸಿದವನಲ್ಲ. ಕಾಂಡವನ್ನು ಸೀಳಿ ಹಲಗೆ ಮಾಡಿ ಮನೆಯ ಗೋಡೆ ಕಟ್ಟಿದನು. ಗರಿಯನ್ನು ಛಾವಣಿಗೆ ಹೊದಿಸಿದನು. ಗರಿಯ ಬುಡದ ಅಗಲವಾದ ಹಾಳೆಯನ್ನು, ನಮ್ಮ ಮಲೆನಾಡಿನವರು ಅಡಿಕೆ ಹಾಳೆಯನ್ನು ಬಳಸುವಂತೆ, ಹತ್ತೆಂಟು ಕೆಲಸಕ್ಕೆ ಬಳಸಿದನು. ಕ್ಯೂಬಾದ ಹೊಗೆಸೊಪ್ಪು ಲೋಕಪ್ರಸಿದ್ಧವಷ್ಟೆ. ಅದರ ಪೆಂಡಿಗಳನ್ನು ಸುತ್ತಿ ಕಟ್ಟುವದು ಇದೇ ಹಾಳೆಯಿಂದ. ಇನ್ನು ಗೊನೆಗೊನೆಯಾಗಿ ಬಿಡುವ ಸಣ್ಣ ಕಾಯಿಗಳನ್ನು ಹಗ್ಗ ಹಾಕಿ ಏರಿ ಇಳಿಸಿ ಹಂದಿಗಳಿಗೆ ಮೇವಾಗಿ ಹಾಕಿದನು.

ಅಂದರೆ ನಮ್ಮ ಕಡೆಗೆ ರಾಜನೆಂದು ಬಂದವನು ತನ್ನ ತವರಿನಲ್ಲಿ ಒಕ್ಕಲಿಗನ ಮನೆಯ ಆಳುಮಗನಾಗಿದ್ದನು. ಮನೆ ಕಟ್ಟಿದವನು, ಹೊದಿಕೆಯಾದವನು, ದನಕರುಗಳ ಹೊಟ್ಟೆಗೆ ಬಂದವನು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ನಮ್ಮ ಈಚಲದ ಮಾತು ಬಂದಾಗ ಬೇಕಾಗುವದು.

ಆಳುಮಗನು ಅರಸನಾದದ್ದು

ಹಾಗಾದರೆ ಇವನಿಗೆ ರಾಜವೇಷ ತೊಡಿಸಿದವರು ಯಾರು? ಸಮುದ್ರ ದಾಟಿ ರಾಜ್ಯ ಕಟ್ಟಿದ ಯುರೋಪಿನವರು ತಾವು ಹೋದಲ್ಲೆಲ್ಲ ಸಸ್ಯತೋಟಗಳನ್ನು ಮಾಡಿದರು. ಒಂದು ತೋಟದ ಬೀಜ ಇನ್ನೊಂದು ತೋಟಕ್ಕೆ ಹಡಗಿನಲ್ಲಿ ಹೋಗುತ್ತಿತ್ತು. ರಾಜತಾಳೆ ಮತ್ತು ಅದರ ಸೋದರ ಜಾತಿಗಳು ಈ ದಾರಿಯಲ್ಲಿಯೇ ಲೋಕ ಸುತ್ತಿದವು.

ಇದಕ್ಕೆ ಬ್ರಾಜಿಲ್ ದೇಶದ ಕಥೆ ಒಳ್ಳೆಯ ಉದಾಹರಣೆ. ನೆಪೋಲಿಯನ್ನನಿಗೆ ಹೆದರಿ ಪೋರ್ಚುಗಲ್ಲಿನ ರಾಜಮನೆತನವು 1808ರಲ್ಲಿ ಬ್ರಾಜಿಲ್ಲಿಗೆ ಓಡಿಬಂದಿತು. ಮರುವರುಷ, 1809ರಲ್ಲಿ, ರಾಜಕುಮಾರ ಜಾನನು ರಿಯೋ ನಗರದ ಸಸ್ಯತೋಟದಲ್ಲಿ ರಾಜತಾಳೆಯ ಸೋದರ ಜಾತಿಯ ಒಂದು ಸಸಿಯನ್ನು ಸ್ವತಃ ನೆಟ್ಟನು. ಅರಸನು ನೆಟ್ಟ ಗಿಡ ಎಂದ ಮೇಲೆ ಕೇಳಬೇಕೇ? ಅದರ ಬೀಜ ಬೇರೆಯವರಿಗೆ ಸಿಗಬಾರದೆಂದು ತೋಟದ ಅಧಿಕಾರಿಗಳು ಬೀಜಗಳನ್ನು ಸುಡಿಸುತ್ತಿದ್ದರೆಂದೂ, ತೋಟದ ಗುಲಾಮರು ರಾತ್ರಿ ಕದ್ದು ಏರಿ ಬೀಜ ಇಳಿಸಿ ಮಾರುತ್ತಿದ್ದರೆಂದೂ ಅಲ್ಲಿಯ ಜನ ಹೇಳುತ್ತಾರೆ. ಕಾಫಿ ತೋಟದ ಸಾಹುಕಾರರು ತಮ್ಮ ಬಂಗಲೆಗಳ ದಾರಿಗೆ ಇವೇ ಗಿಡಗಳ ಸಾಲು ನಿಲ್ಲಿಸಿದರು. ಸಾಲು ಉದ್ದವಾದಷ್ಟೂ ಸಾಹುಕಾರ ದೊಡ್ಡವ! ಆ ಮೂಲ ಗಿಡಕ್ಕೆ 1972ರಲ್ಲಿ ಸಿಡಿಲು ಬಡಿಯಿತು. ಆದರೆ ಅದರ ಸಂತತಿಯ ಸಾಲು ಆ ತೋಟದಲ್ಲಿ ಇಂದಿಗೂ ಇದೆ.

ನಮ್ಮ ದೇಶದಲ್ಲಿಯೂ ದಾರಿ ಅದೇ. 1787ರಲ್ಲಿ ಕಲಕತ್ತೆಯ ಹತ್ತಿರ ಹೂಗ್ಲಿ ನದಿಯ ದಂಡೆಯ ಶಿಬಪುರದಲ್ಲಿ ಕಂಪನಿ ಸರಕಾರದ ಸಸ್ಯತೋಟ ಹುಟ್ಟಿತು. ಬೆಂಗಳೂರಿನಲ್ಲಿ 1760ರಲ್ಲಿ ಹೈದರಲಿಯು ಆರಂಭಿಸಿ ಟಿಪ್ಪು ಸುಲ್ತಾನನು ಬೆಳೆಸಿದ ಲಾಲಬಾಗು 1856ರಲ್ಲಿ ಸರಕಾರದ ಸಸ್ಯತೋಟವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರನ್ ಎಂಬಾತನು ಹೊರದೇಶಗಳ ನೂರಾರು ಜಾತಿಯ ಗಿಡಗಳನ್ನು ತರಿಸಿ ಬೆಳೆಸಿದನು. ಆತನ ತರುವಾಯ ಬಂದವನು ಕೃಂಬಿಗಲ್ ಎಂಬ ಜರ್ಮನ್. ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, ಬಡೋದೆಯ ಗಾಯಕವಾಡ ಮಹಾರಾಜರ ಸೇವೆಯಲ್ಲಿದ್ದು, 1908ರಿಂದ 1932ರವರೆಗೆ ಲಾಲಬಾಗಿನ ಹೊಣೆ ಹೊತ್ತನು. ಕನ್ನಂಬಾಡಿ ಅಣೆಕಟ್ಟಿನ ಕೆಳಗೆ ದಿವಾನ ಮಿರ್ಜಾ ಇಸ್ಮಾಯಿಲರ ಮುತುವರ್ಜಿಯಿಂದ 1927ರಲ್ಲಿ ಕೆಲಸ ಆರಂಭವಾಗಿ 1932ರ ಹೊತ್ತಿಗೆ ಮುಗಿದ ಬೃಂದಾವನ ಉದ್ಯಾನದ ರಚನೆಯಲ್ಲಿಯೂ ಕೃಂಬಿಗಲ್ಲನ ಕೈ ಇದೆ.

ಬೃಂದಾವನವು ನಮ್ಮ ನಾಡಿಗೆ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಿತು. ಅಣೆಕಟ್ಟು ಎಂದ ಮೇಲೆ ಕೆಳಗೊಂದು ಉದ್ಯಾನ ಇರಬೇಕು, ಉದ್ಯಾನ ಎಂದ ಮೇಲೆ ಕಾರಂಜಿ ಇರಬೇಕು, ಅಚ್ಚುಕಟ್ಟಾದ ಗಿಡಗಳ ಸಾಲು ಇರಬೇಕು ಎಂಬ ಭಾವನೆ ಜನರಲ್ಲಿ ಬೇರೂರಿತು. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಇದೇ ಕೃಂಬಿಗಲ್ಲನು ಬೆಂಗಳೂರಿನ ಬೀದಿಗಳಿಗೆ ಗಿಡ ಆರಿಸುವಾಗ ನೆರಳು ಕೊಡುವ, ಹೂ ಬಿಡುವ ಗಿಡಗಳನ್ನು ಆರಿಸಿದನು. ಒಂದು ಬೀದಿಯ ಹೂ ಉದುರುವಾಗ ಇನ್ನೊಂದು ಬೀದಿ ಹೂ ಬಿಡುವಂತೆ ಹಂಚಿಕೆ ಹಾಕಿದನು. ನೋಡುವ ಜಾಗಕ್ಕೆ ಒಂದು ಗಿಡ, ನಡೆಯುವ ಜಾಗಕ್ಕೆ ಇನ್ನೊಂದು ಗಿಡ ಎಂಬ ವಿವೇಕ ಆತನಿಗಿತ್ತು. ನಾವು ಆತನ ಉದ್ಯಾನವನ್ನು ನೋಡಿ ಬಂದೆವು, ಆತನ ಬೀದಿಗಳನ್ನು ನೋಡದೆ ಬಂದೆವು.

ಕೃಷ್ಣೆಯ ದಂಡೆಗೆ

ನಮ್ಮ ಒಣ ನೆಲದಲ್ಲಿ ದೊರೆತನ ತೋರಿಸುವ ಸಾಧನ ಹಿಂದಿನಿಂದಲೂ ನೀರೇ. ವಿಜಯಪುರದ ಪೂರ್ವಕ್ಕೆ ಕುಮಟಗಿಯಲ್ಲಿ ಆದಿಲಶಾಹಿ ಅರಸರ ಜಲಮಹಲು ಇಂದಿಗೂ ಇದೆ; ಸುತ್ತ ಬೆಂದ ಬಯಲು, ನಡುವೆ ಕಾರಂಜಿ. ಆ ಕಾಲದಲ್ಲಿ ಅದು ಅರಸರ ಮನೆಯವರಿಗೆ ಮಾತ್ರ. ಸ್ವತಂತ್ರ ದೇಶದಲ್ಲಿ ಅಷ್ಟು ನೀರನ್ನು ಒಕ್ಕಲಿಗನ ಹೊಲಕ್ಕೆ ತರುವ ಸಂಕಲ್ಪ ನಡೆಯಿತು. 1964ರ ಮೇ 22ರಂದು ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಮೇಲ್ಕೃಷ್ಣಾ ಯೋಜನೆಗೆ ಅಡಿಗಲ್ಲು ಇಟ್ಟರು. ಮುಂದಿನ ತಿಂಗಳು ಅವರೇ ದೇಶದ ಪ್ರಧಾನಿಗಳಾದರು. ಕೆಲಸ ದಶಕಗಳ ಕಾಲ ಕುಂಟುತ್ತ ಸಾಗಿತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾದ ಮೇಲೆ ಚುರುಕಾಯಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಜಲಾಶಯಕ್ಕೆ ಶಾಸ್ತ್ರಿಯವರ ಹೆಸರೇ ಇದೆ. ಅದರ ಮಗ್ಗುಲಲ್ಲಿ ಉದ್ಯಾನಗಳೂ ಎದ್ದವು. ತಾಳೆ ಬಳಗದ ಅಲಂಕಾರದ ಗಿಡಗಳೂ ಅಲ್ಲಿ ಬಂದವು.

ಜಲಾಶಯದ ನೀರು ಏರಿದಾಗ ಏನು ಮುಳುಗಿತು ಎಂಬುದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ನಿಮ್ಮಲ್ಲಿ ಹಲವರು ಅದನ್ನು ಉಂಡವರು. ನದಿಯ ದಂಡೆಯ ಎರೆ ಹೊಲ, ಮನೆ, ಗುಡಿ, ಜೊತೆಗೆ ಅಜ್ಜ ಮುತ್ತಜ್ಜ ಹಚ್ಚಿದ ಬೇವು, ಹುಣಸೆ, ಆಲ, ಅರಳಿ. ಊರನ್ನು ಮೇಲಿನ ಮಡ್ಡಿಗೆ ಎತ್ತಿ ಇಟ್ಟರು. ರಸ್ತೆ ನೇರವಾಯಿತು, ಮನೆ ಸಾಲಾಯಿತು. ಆದರೆ ನೆರಳನ್ನು ಯಾರೂ ಗಾಡಿಯಲ್ಲಿ ಹೇರಿಕೊಂಡು ಬರಲಾಗುವದಿಲ್ಲ. ಹಿಂದಿನ ಊರಿನ ಕಟ್ಟೆಯ ನೆರಳಿಗೆ ಮೂರು ತಲೆಮಾರಿನ ವಯಸ್ಸಾಗಿತ್ತು. ಹೊಸ ಊರಿನಲ್ಲಿ ಹಿರಿಯರು ಗೋಡೆಯ ನೆರಳು ಸರಿದಂತೆ ತಾವೂ ಸರಿದು ಕೂಡುವದನ್ನು ನಾನು ಎಷ್ಟೋ ಪುನರ್ವಸತಿ ಕೇಂದ್ರಗಳಲ್ಲಿ ಕಂಡಿದ್ದೇನೆ.

ಇಂಥ ಊರಿನ ಶಾಲೆಯ ಮುಂದೆ ಏನು ಹಚ್ಚಬೇಕು ಎಂಬುದೇ ಇಂದಿನ ಪ್ರಶ್ನೆ. ಇದ್ದ ಹಣ ಒಂದೇ ಸಾಲಿಗೆ ಸಾಲುವದು. ಬೇಸಿಗೆಯಲ್ಲಿ ಬರುವ ಟ್ಯಾಂಕರಿನ ನೀರು ಒಂದೇ ಸಾಲಿಗೆ ಸಾಲುವದು. ಆ ಒಂದು ಸಾಲನ್ನು ಕಂಬದಂಥ ಗಿಡಕ್ಕೆ ಕೊಟ್ಟರೆ, ಹತ್ತು ವರುಷದ ಮೇಲೆ ಕಂಬದಷ್ಟೇ ನೆರಳು ಸಿಗುವದು.

ನಮ್ಮ ಈಚಲದ ಪಾಡು

ಇನ್ನು ನಮ್ಮ ಮನೆಯ ಕಥೆಗೆ ಬರೋಣ. ತಾಳೆಯ ಬಳಗ ನಮಗೆ ಹೊಸದಲ್ಲ. ಕಾಗದ ಬರುವ ಮೊದಲು ನಮ್ಮ ಹಿರಿಯರು ಬರೆದದ್ದು ಈ ಬಳಗದ ಓಲೆಗರಿಗಳ ಮೇಲೆಯೇ. ಬಸವಣ್ಣನವರು ಹುಟ್ಟಿದ ನೆಲ ಇದು. ನಿಡಗುಂದಿಯೂ ಬಹುಕಾಲ ಬಸವನ ಬಾಗೇವಾಡಿ ತಾಲೂಕಿನ ಊರೇ ಆಗಿತ್ತು. ಶರಣರ ವಚನಗಳು ಶತಮಾನಗಳ ಕಾಲ ಮಠ ಮನೆಗಳ ಓಲೆಯ ಕಟ್ಟುಗಳಲ್ಲಿ ಉಳಿದುಬಂದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಗರಿಯೊಂದು ಒಣಗಿ ಉದುರುವದರ ಬದಲು ಅಷ್ಟು ಕಾಲ ಮಾತನ್ನು ಕಾಯ್ದದ್ದು ಸಣ್ಣ ಉಪಕಾರವೇ?

ಆ ಬಳಗದಲ್ಲಿ ನಮ್ಮ ಹಳ್ಳಗಳ ಪಾಲಿಗೆ ಬಂದದ್ದು ಈಚಲ. ನಮ್ಮ ಕಡೆಗೆ ಇದಕ್ಕೆ ಸಿಂದಿ ಗಿಡ ಎಂದೂ ಅನ್ನುತ್ತಾರೆ. ಇದಕ್ಕೆ ಯಾರೂ ಗುಂಡಿ ತೋಡಲಿಲ್ಲ, ನೀರು ಹಾಕಲಿಲ್ಲ. ಹಕ್ಕಿ ನರಿಗಳು ಹಣ್ಣು ತಿಂದು ಬೀಜ ಉದುರಿಸಿದಲ್ಲಿ ಹುಟ್ಟಿತು. ಸವಳು ನೆಲವನ್ನೂ ತಾಳಿತು, ಬರವನ್ನೂ ತಾಳಿತು, ಮಳೆಗಾಲದಲ್ಲಿ ಹಳ್ಳದ ನೀರು ಬುಡಕ್ಕೆ ಬಂದು ನಿಂತರೂ ತಾಳಿತು. ಗರಿಯಿಂದ ಚಾಪೆ, ಬುಟ್ಟಿ, ಕಸಬರಿಗೆ ಆದವು. ಕೊರವ ಸಮಾಜದ ಎಷ್ಟೋ ಕುಟುಂಬಗಳು ಇದರ ಗರಿಯ ಮೇಲೆಯೇ ಬದುಕಿದವು. ಹಣ್ಣು ಹುಡುಗರ ಪಾಲಿಗೆ ಬಂದಿತು. ಕಾಂಡ ಗುಡಿಸಲಿನ ತೊಲೆಯಾಯಿತು. ಕ್ಯೂಬಾದ ಒಕ್ಕಲಿಗನಿಗೆ ರಾಜತಾಳೆ ಮಾಡಿದ ಸೇವೆಯನ್ನೇ ನಮ್ಮ ಒಕ್ಕಲಿಗನಿಗೆ ಈಚಲ ಮಾಡಿತು ನೋಡಿರಿ.

ಆದರೆ ಈಚಲದ ಹಣೆಬರಹದಲ್ಲಿ ಇನ್ನೊಂದು ಸಂಗತಿ ಇತ್ತು. ಅದರ ರಸ. ಬೆಳಗಾಗುವ ಮೊದಲು ಇಳಿಸಿ ಕುಡಿದರೆ ಸಿಹಿಯಾದ ನೀರಾ, ಕಾಯಿಸಿದರೆ ಬೆಲ್ಲ, ಹಾಗೇ ಬಿಟ್ಟರೆ ಹುಳಿತು ಸಿಂದಿ. ನಮ್ಮ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. 1878ರ ಅಬಕಾರಿ ಕಾಯಿದೆಯ ಮೇರೆಗೆ ಸರಕಾರವು ರಸ ಇಳಿಸುವ ಒಂದೊಂದು ಗಿಡದ ಮೇಲೂ ಕರ ಕೂಡಿಸಿತು. ಗಿಡ ಹೊಲದವನದು, ಬೇರು ಹಳ್ಳದ್ದು, ಆದಾಯ ಮಾತ್ರ ಸರಕಾರದ್ದು ಮತ್ತು ಗುತ್ತಿಗೆದಾರನದು ಎಂಬಂತಾಯಿತು. ದುಡಿದ ಕೂಲಿ ಸಂಜೆ ಸಿಂದಿಯ ಅಂಗಡಿಗೆ ಹೋಗುವದು, ಅಲ್ಲಿಂದ ಖಜಾನೆಗೆ ಹೋಗುವದು.

ಹೀಗಾಗಿ ಸ್ವಾತಂತ್ರ್ಯದ ಚಳವಳಿ ಬಂದಾಗ ಜನರ ಸಿಟ್ಟು ಗಿಡದ ಮೇಲೆ ತಿರುಗಿತು. 1930ರ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಗುಜರಾತದಲ್ಲಿ ಗಾಂಧೀಜಿಯವರ ಕರೆಯಂತೆ ಜನ ಈಚಲ ಗಿಡಗಳನ್ನು ಕಡಿದರು. ನಮ್ಮ ನಾಡಿನಲ್ಲಿ 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಜನರು ಕೊಡಲಿ ಹಿಡಿದು ಈಚಲ ವನಕ್ಕೆ ನುಗ್ಗಿದರು, ಗಿಡ ಕಡಿದರು, ಜೈಲಿಗೆ ಹೋದರು. ಆ ಚಳವಳಿಯ ಮುಂದಾಳುಗಳಲ್ಲೊಬ್ಬರು ಎಸ್. ನಿಜಲಿಂಗಪ್ಪನವರು. 1964ರಲ್ಲಿ ಆಲಮಟ್ಟಿಯ ಅಡಿಗಲ್ಲು ಬಿದ್ದಾಗ ಈ ನಾಡಿನ ಮುಖ್ಯಮಂತ್ರಿಗಳಾಗಿದ್ದವರೂ ಅವರೇ.

ಕಡಿದವರನ್ನು ನಾವು ತಪ್ಪಿಗೆ ಹಿಡಿಯಲಾಗದು. ಅವರು ಕೊಡಲಿ ಹಾಕಿದ್ದು ಕರದ ಬೇರಿಗೆ, ಮನೆಮುರಿಯುವ ಕುಡಿತದ ಬೇರಿಗೆ. ಆದರೆ ಗಾಂಧೀಜಿಯವರು ಅಷ್ಟಕ್ಕೆ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ಅವರು ತಾಳೆ, ಈಚಲಗಳ ರಸದಿಂದ ಬೆಲ್ಲ ಮಾಡುವ ಕಸುಬನ್ನು ಬೆಳೆಸಲು ಹೊರಟರು. ಗಿಡವನ್ನು ಕಳೆದುಕೊಳ್ಳದೆ, ರಸ ಇಳಿಸುವವನ ಹೊಟ್ಟೆಯ ಮೇಲೆ ಹೊಡೆಯದೆ ಕುಡಿತವನ್ನು ನಿಲ್ಲಿಸುವ ದಾರಿ ಅದಾಗಿತ್ತು. ಕಡಿಯುವ ಮಾತು ಜನಕ್ಕೆ ಬೇಗ ತಿಳಿಯಿತು. ಕಾಯಿಸುವ ಮಾತು ತಿಳಿಯಲಿಲ್ಲ. ಈಚಲಕ್ಕೆ ಅಂಟಿದ ಕೆಟ್ಟ ಹೆಸರು ಅಂಟಿಯೇ ಉಳಿಯಿತು. ಈಚಲದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಬೇರೆಯೇ ತಿಳಿಯುತ್ತಾರೆ ಎಂಬ ಮಾತು ನಿಮಗೆಲ್ಲ ಗೊತ್ತಿದ್ದದ್ದೇ. ಇಂಥ ಹೆಸರಿನ ಗಿಡವನ್ನು ಶಾಲೆಯ ಮುಂದೆ, ಪಂಚಾಯತಿಯ ಮುಂದೆ ಯಾರು ಹಚ್ಚಿಯಾರು?

ಆದರೆ ಈಗಿನ ವಿಚಿತ್ರ ಕೇಳಿರಿ. ರಾಜತಾಳೆಯ ತವರುಗಳಲ್ಲಿ ಒಂದಾದ ಫ್ಲೋರಿಡಾದಲ್ಲಿ ಇಂದು ಹೋಟೆಲುಗಳ, ಬಂಗಲೆಗಳ ಬಾಗಿಲಿಗೆ ನಿಲ್ಲಿಸುವ ಬೆಲೆಯುಳ್ಳ ಅಲಂಕಾರದ ಗಿಡಗಳಲ್ಲಿ ನಮ್ಮ ಈಚಲವೂ ಒಂದು! ಅಲ್ಲಿಯವರು ಅದನ್ನು 'ಸಿಲ್ವೆಸ್ಟರ್ ಪಾಮ್' ಎಂದು ಕರೆದು, ನರ್ಸರಿಗಳಲ್ಲಿ ಬೆಳೆಸಿ ಮಾರುತ್ತಾರೆ. ಕಾಂಡದ ಮೇಲೆ ಉದುರಿದ ಗರಿಗಳ ಬುಡದ ಗುರುತುಗಳು ಹೆಣೆದ ಕಸೂತಿಯಂತೆ ಕಾಣುವದು ಅವರಿಗೆ ಬಲು ಮೆಚ್ಚಿಗೆ. ನಮ್ಮ ದೇಶದ ದೊಡ್ಡ ನಗರಗಳಲ್ಲಿಯೂ ಬೆಳೆದ ಈಚಲ ಗಿಡಗಳನ್ನು ಹಳ್ಳಿಗಳಿಂದ ಬೇರುಸಹಿತ ಕಿತ್ತು ಒಯ್ದು ಬಡಾವಣೆಗಳ ಹೆಬ್ಬಾಗಿಲಿಗೆ ನಿಲ್ಲಿಸುವದು ನಡೆದಿದೆ. ಅವರ ಹಿತ್ತಲ ಗಿಡ ನಮಗೆ ರಾಜ. ನಮ್ಮ ಹಳ್ಳದ ಗಿಡ ಅವರಿಗೆ ರಾಜ.

ಎಲ್ಲಿ ಯಾವ ಗಿಡ

ಇಷ್ಟು ಚರಿತ್ರೆ ಹೇಳಿದ್ದು ರಾಜತಾಳೆಯನ್ನು ಹಚ್ಚಲೇಬಾರದು ಎಂದು ವಾದಿಸುವದಕ್ಕಲ್ಲ. ಯಾವ ಗಿಡಕ್ಕೂ ಅದರದೇ ಆದ ಜಾಗ ಉಂಟು. ಕ್ಯೂಬಾದಲ್ಲಿ ವರುಷಕ್ಕೆ ಸುಮಾರು 1300 ಮಿಲಿಮೀಟರ್ ಮಳೆ. ನಮ್ಮಲ್ಲಿ ಅದರ ಅರ್ಧದ ಆಸುಪಾಸು, ಅದೂ ಕೈಕೊಡುವ ಮಳೆ. ಆದ್ದರಿಂದ ಬೇಸಿಗೆಯಲ್ಲಿಯೂ ತಪ್ಪದೆ ನೀರು ಸಿಗುವ ಉದ್ಯಾನ, ಕಾಲುವೆಯ ನೀರಿನ ಕಚೇರಿ ಆವರಣ, ನೋಡಿಕೊಳ್ಳಲು ಮಾಲಿ ಇರುವ ಜಾಗ, ಇಂಥಲ್ಲಿ ರಾಜತಾಳೆ ಹಚ್ಚಬಹುದು.

ಹಚ್ಚುವವರು ಮೂರು ಮೂರು ಅಡಿಯ ಗುಂಡಿ ತೋಡಿ, ಮೇಲ್ಮಣ್ಣು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ, ಗರಸು ಬೆರೆಸಿ ತುಂಬಬೇಕು. ಎರೆ ಭೂಮಿಯಲ್ಲಿ ನೀರು ಬಸಿದು ಹೋಗದಿದ್ದರೆ ಬೇರು ಕೊಳೆಯುವದು. ಅಂಥಲ್ಲಿ ಏರು ಮಡಿ ಮಾಡಿ ನೆಡಬೇಕು. ಗಿಡದಿಂದ ಗಿಡಕ್ಕೆ 15ರಿಂದ 20 ಅಡಿ ಅಂತರವಿರಲಿ. ಮೇಲೆ ವಿದ್ಯುತ್ ತಂತಿ ಇರಕೂಡದು. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಹೀಗಾಗಿ ಮ್ಯಾಂಗನೀಸ್ ಕೊರತೆಯಾಗಿ ಹೊಸ ಗರಿ ಮುದುಡಿ ಸುಟ್ಟಂತಾಗುವದುಂಟು. ಪೊಟ್ಯಾಷ್ ಕೊರತೆಯಾದರೆ ಹಳೆಯ ಗರಿಗಳು ಹಳದಿಯಾಗಿ ತುದಿಯಿಂದ ಒಣಗುವವು. ಇಂಥ ಗುರುತು ಕಂಡರೆ ಗೊಬ್ಬರದ ಅಂಗಡಿಗೆ ಓಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಹತ್ತಿರದಲ್ಲಿ ತಿಪ್ಪೆಗುಂಡಿ ಇದ್ದರೆ ಕೊಂಬಿನ ದುಂಬಿ ಅಲ್ಲಿ ಮರಿಮಾಡಿ ಸುಳಿಗೆ ಬೀಳುವದು. ಸುಳಿ ಒಂದೇ, ಅದು ಹೋದರೆ ಗಿಡ ಹೋಯಿತೆಂದೇ ತಿಳಿಯಬೇಕು.

ಮಕ್ಕಳು ಆಡುವ, ಹೆಣ್ಣುಮಕ್ಕಳು ನೀರಿಗೆ ನಿಲ್ಲುವ, ಜನ ಬಸ್ಸಿಗೆ ಕಾಯುವ ಜಾಗದಲ್ಲಿ ಮಾತ್ರ ಈ ಗಿಡ ಬೇಡ. ಬೆಳೆದ ಗಿಡದಿಂದ ಹೆಚ್ಚು ಕಡಿಮೆ ತಿಂಗಳಿಗೊಂದು ಗರಿ ಬುಡಸಹಿತ ಕಳಚಿ ಬೀಳುವದು. ಹತ್ತು ಕಿಲೋಕ್ಕೂ ಮಿಕ್ಕಿದ ಭಾರ, ಅರವತ್ತು ಅಡಿ ಎತ್ತರ. ಕೆಳಗೆ ಇದ್ದವರ ಗತಿಯೇನು, ನೀವೇ ಲೆಕ್ಕ ಹಾಕಿರಿ. ಇಂಥ ಜಾಗಕ್ಕೆ ಬೇವು, ಹೊಂಗೆ, ಹುಣಸೆ, ಅರಳಿಗಳೇ ಸರಿ. ಹುಲಿಕಲ್ಲು ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರು ಗಂಡನ ಜೊತೆಗೂಡಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು ಆಲದ ಸಾಲನ್ನು. ಓದು ಬರಹ ಬಾರದ ಆ ತಾಯಿಗೆ ಹೊತ್ತ ನೀರಿನ ಬೆಲೆ ಗೊತ್ತಿತ್ತು. ದಾರಿಹೋಕನಿಗೆ ನೆರಳಾಗುವ ಗಿಡಕ್ಕೇ ಅದನ್ನು ಹಾಕಿದರು.

ಇನ್ನು ಈಚಲ. ಇದರ ಗರಿಯ ಬುಡದಲ್ಲಿ ಸೂಜಿಯಂಥ ಮುಳ್ಳುಗಳಿವೆ. ಆದ್ದರಿಂದ ಇದೂ ಆಟದ ಬಯಲಿಗೆ ಸಲ್ಲದು. ಇದರ ಜಾಗ ಹಳ್ಳದ ದಂಡೆ, ಕೆರೆಯ ಏರಿಯ ಹೊರಮಗ್ಗುಲು, ಬಸಿಗಾಲುವೆಯ ಬದಿ, ಸವಳಾಗಿ ಬೆಳೆ ಬಾರದ ಮೂಲೆ. ಕಾಲುವೆ ನೀರು ಹೆಚ್ಚಾಗಿ ಹೊಲ ಸವಳಾದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮಳೆಗಾಲದ ಮೊದಲಿಗೆ ಕಳಿತ ಹಣ್ಣು ಆರಿಸಿ, ತಿರುಳು ತೊಳೆದು, ಬೀಜವನ್ನು ಎರಡು ದಿನ ನೀರಿನಲ್ಲಿ ನೆನೆಯಿಟ್ಟು, ದಂಡೆಯಲ್ಲಿ ಒಂದು ಅಂಗುಲ ಆಳಕ್ಕೆ ಊರಿದರೆ ಸಾಕು. ಮೊಳಕೆಗೆ ಎರಡು ಮೂರು ತಿಂಗಳು ಹಿಡಿಯುವದು, ಅವಸರ ಮಾಡಬಾರದು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆಯಾದ್ದರಿಂದ ಹತ್ತು ಹದಿನೈದು ಬೀಜ ಕೂಡಿಯೇ ಊರಬೇಕು. ಗರಿ ಕೊಯ್ಯುವವರು ಸುಳಿಯ ಸುತ್ತಿನ ಎಳೆಯ ಗರಿಗಳನ್ನು ಬಿಟ್ಟು ಹೊರಸುತ್ತಿನವನ್ನು ಮಾತ್ರ ಕೊಯ್ಯಲಿ. ರಸ ಇಳಿಸುವದಕ್ಕೆ ಅಬಕಾರಿ ಇಲಾಖೆಯ ಅಪ್ಪಣೆ ಬೇಕೇ ಬೇಕು, ಅದಿಲ್ಲದೆ ಕೈಹಾಕಕೂಡದು. ಚಾಪೆ, ಬುಟ್ಟಿ, ಕಸಬರಿಗೆಗೆ ಮಾತ್ರ ಗಿಡವನ್ನು ಉಳಿಸಿದರೂ ಅದು ದಂಡೆಯ ಮಣ್ಣು ಹಿಡಿದು ತನ್ನ ಜಾಗದ ಬಾಡಿಗೆ ತೀರಿಸುವದು.

ಅಂದ ಬೇಕೆಂದರೆ ಈಚಲದಲ್ಲಿಯೂ ಅಂದವಿದೆ. ಊರ ಅಗಸಿಯ ಹೊರಗೆ, ಕೆರೆಯ ಕೋಡಿಯ ಹತ್ತಿರ, ಆಳೆತ್ತರದ ನಾಲ್ಕು ಈಚಲ ಗಿಡಗಳ ಒಣಗಿದ ಗರಿಗಳನ್ನು ಸವರಿ, ಕಾಂಡವನ್ನು ಹಸನು ಮಾಡಿ ನೋಡಿರಿ. ಫ್ಲೋರಿಡಾದವರು ಹಣ ಕೊಟ್ಟು ಕೊಳ್ಳುವದು ಇದನ್ನೇ ಎಂದು ಊರ ಹುಡುಗರಿಗೆ ಹೇಳಿರಿ.

ಈ ಮಳೆಗಾಲಕ್ಕೆ ಮೊದಲು ನಿಮ್ಮ ಗ್ರಾಮಸಭೆಯಲ್ಲಿ ಗಿಡ ಹಚ್ಚುವ ವಿಷಯ ಬಂದೇ ಬರುತ್ತದೆ. ಆಗ ಮೂರು ಪ್ರಶ್ನೆ ಕೇಳಿರಿ. ಏಪ್ರಿಲ್ ಮೇ ತಿಂಗಳಲ್ಲಿ ಇದಕ್ಕೆ ನೀರು ಎಲ್ಲಿಂದ? ಇದರ ಕೆಳಗೆ ಯಾರು ಕೂಡುವವರು? ಇದರಿಂದ ಯಾರ ಮನೆಗೆ ಏನು ಬರುವದು? ಈ ಮೂರಕ್ಕೂ ಉತ್ತರ ಸಿಕ್ಕ ಗಿಡ ಕ್ಯೂಬಾದಿಂದ ಬಂದದ್ದಿರಲಿ, ನಮ್ಮ ಹಳ್ಳದ್ದಿರಲಿ, ಧಾರಾಳವಾಗಿ ಹಚ್ಚಿರಿ. ಸಸಿ, ಬೀಜ, ಮಣ್ಣು ಪರೀಕ್ಷೆಯ ಬಗೆಗೆ ಸಂದೇಹವಿದ್ದವರು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಬಂದು ವಿಚಾರಿಸಬಹುದು.